ಗ್ರಹಣಕ್ಕೆ ಸಿಗದ ಪುಸ್ತಕ

ಗಾಳಿಬೀಡಿನ ಹೊನ್ನಮ್ಮನ ಬಾಯಿ ಎಂದರೆ ಊರಿಗೇ ಗೊತ್ತು. ದನ, ಗಂಡ, ಮಗ ನವೀನ, ಯಾರನ್ನೂ ಬಿಟ್ಟ ಬಾಯಲ್ಲ ಅದು. ಮೊಮ್ಮಗ ಭವಿತನ ಕಾಯಿಲೆಯ ಮಾತು ಬಂದರೆ ಮಾತ್ರ ತುಟಿಗೆ ಹೊಲಿಗೆ. ಐದು ವರ್ಷದ ಆ ಪೋರನಿಗೆ ತಿಂಗಳಿಗೊಮ್ಮೆ ಮಡಿಕೇರಿಯ ಆಸ್ಪತ್ರೆಯಲ್ಲಿ ಬೇರೆಯವರ ರಕ್ತ ಏರಿಸಬೇಕು. ಅದಕ್ಕೆ ಕಾರಣ ತಾನೇ ಎಂದು ಹೊನ್ನಮ್ಮ ನಂಬಿದ್ದಳು.

ಸೊಸೆ ಶ್ವೇತ ಏಳು ತಿಂಗಳ ಬಸುರಿಯಾಗಿದ್ದಾಗ ಸೂರ್ಯಗ್ರಹಣ ಬಂದಿತ್ತು. ಬಸುರಿ ಹೊರಗೆ ಕಾಲಿಡಬಾರದೆಂದು ಬಾಗಿಲು ಹಾಕಿದವಳೂ ಹೊನ್ನಮ್ಮನೇ. ಅಷ್ಟರಲ್ಲಿ ಪಕ್ಕದ ಮನೆಯ ದನ ಕಣಕ್ಕೆ ನುಗ್ಗಿ, ಒಣಗಲು ಹರಡಿದ್ದ ಕಾಫಿಯನ್ನು ತುಳಿಯತೊಡಗಿತು. "ಅಯ್ಯೋ, ಕಾಫಿ ಹೋಯ್ತು! ಯಾರಾದ್ರೂ ದನ ಅಟ್ಟಿ!" ಎಂದು ದೇವರ ಕೋಣೆಯಿಂದ ಕಿರುಚಿದ್ದು ಹೊನ್ನಮ್ಮ. ಓಡಿದ್ದು ಶ್ವೇತ. ಹಾಳು ಬಾಯಿ! ಎರಡು ಹಿಡಿ ಕಾಫಿಗೆ ಮಗುವಿನ ರಕ್ತವನ್ನೇ ಕೊಟ್ಟೆನಲ್ಲ ಎಂದು ಹೊನ್ನಮ್ಮ ಒಳಗೊಳಗೇ ಬೆಂದಳು. ಮಗುವನ್ನು ಎತ್ತಿಕೊಳ್ಳಲೂ ಅವಳಿಗೆ ಕೈ ಬರುತ್ತಿರಲಿಲ್ಲ.

ಈ ಸಲ ನವೀನನಿಗೆ ಜ್ವರ. ಸೊಸೆಯ ಜೊತೆ ಹೊನ್ನಮ್ಮನೇ ಹೊರಟಳು. ರಕ್ತ ಏರುತ್ತಾ ಭವಿತ್ ನಿದ್ದೆಹೋದ ಮೇಲೆ ಡಾಕ್ಟರ್ ಗಾನವಿಯನ್ನು ಕೇಳಿಯೇಬಿಟ್ಟಳು.

"ಡಾಕ್ಟ್ರಮ್ಮ, ಇದು ಎಂಥದ್ದರಿಂದ ಬಂತು?"

"ಅಜ್ಜಿ, ಮೈಯ ಜೀವಕೋಶದೊಳಗೆ ಒಂದು ಪುಸ್ತಕ ಉಂಟು ಅಂದ್ಕೊಳ್ಳಿ. ಅದು ಇಟ್ಟಲ್ಲಿಂದ ಕದಲುವುದಿಲ್ಲ. ಬೇಕಾದ ಸಾಲು ನಕಲಾಗಿ, ಚೀಟಿ ಮಾತ್ರ ಹೊರಗೆ ಹೋಗ್ತದೆ."

"ನಮ್ಮೋರು ಎಸ್ಟೇಟಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ರಲ್ಲ, ಹಾಗೇ. ಪುಸ್ತಕ ಆಫೀಸಲ್ಲಿ, ಚೀಟಿ ಆಳುಗಳ ಲೈನಿಗೆ."

"ಅದೇ! ಹೊರಗಿನ ಕೆಲಸಗಾರ ಆ ಚೀಟಿಯನ್ನ ಮೂರು ಮೂರು ಅಕ್ಷರ ಓದಿ, ಮೂರಕ್ಕೊಂದು ಮಣಿ ಪೋಣಿಸ್ತಾನೆ. ಆ ಸರವೇ ಪ್ರೋಟೀನು. ಇವನ ಪುಸ್ತಕದಲ್ಲಿ ಒಂದಕ್ಷರ ತಪ್ಪಿ, ಅರ್ಧದಲ್ಲೇ 'ಸಾಕು, ನಿಲ್ಸು' ಅಂತ ಆಗಿದೆ. ಸರ ಪೂರ್ತಿ ಆಗದೆ ರಕ್ತವೂ ಸರಿಯಾಗುವುದಿಲ್ಲ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು. ಎರಡರಲ್ಲೂ ಅದೇ ತಪ್ಪು."

ಹೊನ್ನಮ್ಮನಿಗೆ ಬೇಕಾದದ್ದು ಇನ್ನೊಂದೇ ಉತ್ತರ.

"ತಪ್ಪು ಬಿದ್ದದ್ದು ಯಾವಾಗ?"

"ಮಗು ಹೊಟ್ಟೆಯಲ್ಲಿ ನಿಂತ ಮೊದಲ ದಿನವೇ ಇತ್ತು."

"ಏಳನೇ ತಿಂಗಳಲ್ಲಿ ಗ್ರಹಣಕ್ಕೆ ಹೊರಗೆ ಹೋದ್ರೆ?"

"ಗ್ರಹಣಕ್ಕೆ ಆ ಪುಸ್ತಕ ಎಲ್ಲಿ ಸಿಗ್ತದೆ ಅಜ್ಜಿ!" ಎಂದು ಡಾಕ್ಟರ್ ನಕ್ಕು ಮುಂದಿನ ಮಂಚಕ್ಕೆ ಹೋದರು.

ಹೊನ್ನಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕಿದಳು. "ನಾ ಕಿರುಚಿದ್ದಕ್ಕೇ ಹೀಗಾಯ್ತು ಅಂದ್ಕೊಂಡಿದ್ದೆ ಶ್ವೇತ. ಯಾವ ಮುಖ ಹೊತ್ತು ಅವನನ್ನ ಎತ್ಕೊಳ್ಳಲಿ ಅಂತಿದ್ದೆ."

ಶ್ವೇತ ಅತ್ತೆಯ ಹತ್ತಿರ ಸರಿದು ಕೂತಳು. "ಡಾಕ್ಟ್ರು ನಂಗೆ ಆವಾಗಲೇ ಹೇಳಿದ್ರು ಅತ್ತೆ. ನಿಮ್ಮತ್ರ ಹೇಳ್ಲಿಕ್ಕೆ ಹೆದರಿಕೆ ಆಯ್ತು. ಬಾಗಿಲು ತೆಗೆದು ಓಡಿದವಳು ನಾನು, ಈಗ ನೆಪ ಹೇಳ್ತಾಳೆ ಅಂತ ಬೈತೀರಿ ಅಂತ. ನೀವು ಅವನನ್ನ ಮುಟ್ಟದೆ ಇದ್ದದ್ದು ನನ್ನ ಮೇಲಿನ ಸಿಟ್ಟಿಗೆ ಅಂತಲೇ ತಿಳ್ಕೊಂಡಿದ್ದೆ."

"ಅಯ್ಯೋ ನನ್ನ ಕರ್ಮವೇ! ನಿನ್ನ ಮೇಲೆ ನಂಗೆ ಎಂಥ ಸಿಟ್ಟು ಮಗಳೇ?"

ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡಳು. ಐದು ವರ್ಷ ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಒಂದೇ ಗ್ರಹಣದ ಸಂಕಟ ನುಂಗಿದ್ದರು, ಅದೂ ಒಬ್ಬರಿಗೊಬ್ಬರು ಹೆದರಿ.

ಸಂಜೆ ಬಸ್ಸಿನಲ್ಲಿ ಭವಿತ್ ಅಜ್ಜಿಯ ಮಡಿಲೇರಿ ಕೂತ. ದಾರಿಯುದ್ದಕ್ಕೂ ಅವಳ ಕಾಲು ಜೋಮು ಹಿಡಿದಿತ್ತು. ಇಲ್ಲಿ ಕೊಡಿ ಎಂದು ಶ್ವೇತ ಎರಡು ಸಲ ಕೇಳಿದರೂ ಹೊನ್ನಮ್ಮ ಕೊಡಲಿಲ್ಲ.