ಹತ್ತಕ್ಕೆ ಮೂರು

ದಾವಣಗೆರೆಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ದ್ರಾಕ್ಷಾಯಣಮ್ಮ ಹದಿನಾಲ್ಕು ವರ್ಷದಿಂದ ದೈಹಿಕ ಶಿಕ್ಷಣದ ಮೇಡಂ. ಹುಡುಗಿಯರ ಬಾಯಲ್ಲಿ ಪಿ.ಡಿ. ಮೇಡಂ. ವಿನೋಬನಗರದ ಮನೆಯಿಂದ ಸೀರೆಯಲ್ಲಿ ನಡೆದು ಬಂದು, ತಮ್ಮ ಕೋಣೆಯಲ್ಲಿ ಟ್ರ್ಯಾಕ್ ಸೂಟಿಗೆ ಬದಲಾಯಿಸಿ, ಕೊರಳಿಗೆ ಸೀಟಿ ಹಾಕಿಕೊಂಡು ಮೈದಾನಕ್ಕಿಳಿದರೆ ಬೇರೆಯೇ ಮನುಷ್ಯರಾಗುತ್ತಿದ್ದರು. ಆಟದ ವಿಷಯದಲ್ಲಿ ಅವರು ಯಾರ ಮುಲಾಜೂ ನೋಡುವವರಲ್ಲ. ಆಡಳಿತ ಮಂಡಳಿಯವರೊಬ್ಬರ ಮೊಮ್ಮಗಳನ್ನೇ ಒಂದು ವರ್ಷ ತಂಡದಿಂದ ಕೈಬಿಟ್ಟಿದ್ದರು. "ಪಿ.ಡಿ. ಮೇಡಂ ಹಾಕಿದ ಮಾರ್ಕ್ಸಂದ್ರೆ ಮಾರ್ಕ್ಸು, ಅದರಾಗೆ ಮಾತಿಲ್ಲ" ಎಂದು ಹುಡುಗಿಯರು ತಮ್ಮತಮ್ಮಲ್ಲೇ ಆಡಿಕೊಳ್ಳುವುದು ಅವರ ಕಿವಿಗೂ ಬಿದ್ದಿತ್ತು. ಕೇಳಿದಾಗ ಒಳಗೊಳಗೇ ಹಿತವಾಗಿತ್ತು.

ತೊಂಬತ್ತೆಂಟನೇ ಇಸವಿಯ ಜುಲೈ ತಿಂಗಳು. ಸೆಪ್ಟೆಂಬರಿನಲ್ಲಿ ಶಿವಮೊಗ್ಗದಲ್ಲಿ ಅಂತರ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯಾವಳಿ. ತಂಡಕ್ಕೆ ಬೇಕಾದವರು ಹನ್ನೆರಡು ಮಂದಿ, ಬಂದವರು ಹತ್ತೊಂಬತ್ತು. ದಿನಾ ಸಂಜೆ ನಾಲ್ಕರಿಂದ ಆರರವರೆಗೆ ಅಭ್ಯಾಸ. ಒಬ್ಬೊಬ್ಬರಿಗೂ ಒಂದೊಂದು ಕಾರ್ಡು ಮಾಡಿ, ಚೆಂಡು ಬಡಿಯುತ್ತ ಓಡುವುದಕ್ಕಿಷ್ಟು, ಪಾಸಿಗಿಷ್ಟು, ಗೆರೆಯಲ್ಲಿ ನಿಂತು ಎಸೆಯುವ ಫ್ರೀ ಥ್ರೋಗೆ ಇಷ್ಟು, ಎದುರಾಳಿಯನ್ನು ತಡೆಯುವುದಕ್ಕಿಷ್ಟು ಎಂದು ಹತ್ತಕ್ಕೆ ಅಂಕ ಹಾಕುವುದು ದ್ರಾಕ್ಷಾಯಣಮ್ಮನ ಪದ್ಧತಿ. ಕೊನೆಗೆ ಹನ್ನೆರಡು ನಿಮಿಷದ ಓಟ.

ಅವರೆಲ್ಲರಲ್ಲಿ ಬಿಂದುವಿನದೇ ಎತ್ತಿದ ಕೈ. ಹರಿಹರದ ಹುಡುಗಿ, ಬಿ.ಎ. ಎರಡನೇ ವರ್ಷ. ಅಪ್ಪ ಗುಡ್ಡಪ್ಪ ಕುಕ್ಕುವಾಡದ ಕಡೆಯವನು, ಹರಿಹರದ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿ ಅಲ್ಲಿಯ ಕಾಲನಿಯಲ್ಲೇ ಮನೆ ಮಾಡಿದ್ದ. ಕಾಲನಿಯ ಸಿಮೆಂಟ್ ಕೋರ್ಟಿನಲ್ಲಿ ಗಂಡುಹುಡುಗರ ಜೊತೆ ಆಡುತ್ತ ಆಡುತ್ತ ಬಿಂದು ಆಟ ಕಲಿತಿದ್ದಳು. ಎತ್ತರ ಕಮ್ಮಿ, ಆದರೆ ಚೆಂಡು ಅವಳ ಕೈಗೆ ಬಂತೆಂದರೆ ಮಿಕ್ಕವರು ಎಲ್ಲಿ ನಿಲ್ಲಬೇಕೋ ಅಲ್ಲಿಗೆ ತಾವಾಗಿಯೇ ಹೋಗಿ ನಿಲ್ಲುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಇಂಥ ಹುಡುಗಿ ತಮ್ಮ ಕೈಗೆ ಸಿಕ್ಕಿಲ್ಲವೆಂಬುದು ದ್ರಾಕ್ಷಾಯಣಮ್ಮನಿಗೆ ಗೊತ್ತಿತ್ತು. ಅವಳಿಗೆ ಮಾತ್ರ ಹೇಳಿರಲಿಲ್ಲ. ಹೇಳಿದರೆ ತಲೆ ತಿರುಗೀತು ಎಂದು.

ಈ ಸಲ ಬೇರೆಲ್ಲದರಲ್ಲಿ ಎಂಟು ಒಂಬತ್ತು ತೆಗೆದುಕೊಂಡ ಬಿಂದು ಓಟದಲ್ಲಿ ಕೈಕೊಟ್ಟಳು. ಹೋದ ವರ್ಷ ಹನ್ನೆರಡು ನಿಮಿಷಕ್ಕೆ ಐದೂವರೆ ಸುತ್ತು ಓಡಿದವಳು ಮೂರನೇ ಸುತ್ತಿಗೇ ಸೊಂಟಕ್ಕೆ ಕೈ ಕೊಟ್ಟು ನಿಂತುಬಿಟ್ಟಳು. ಮರುವಾರವೂ ಅದೇ ಕಥೆ.

"ರಜಾದಾಗೆ ತಿಂದು ಮಲಗಿದ್ಯೇನು?" ಎಂದು ದ್ರಾಕ್ಷಾಯಣಮ್ಮ ಎಲ್ಲರೆದುರಿಗೂ ಗದರಿದರು. "ಹೆಸರಿಗೆ ದೊಡ್ಡ ಆಟಗಾರ್ತಿ. ಇನ್ನೂ ಎರಡು ಸುತ್ತು ಓಡು, ನಾನಿಲ್ಲೇ ನಿಂತಿರ್ತೀನಿ."

ಬಿಂದು ಓಡಿದಳು. ಎರಡನೇ ಸುತ್ತು ಮುಗಿಸಿ ಬಾಸ್ಕೆಟ್ ಕಂಬ ಹಿಡಿದು ಬಗ್ಗಿದವಳು ಕೆಮ್ಮತೊಡಗಿದಳು. ಕೆಮ್ಮು ನಿಲ್ಲಲೇ ಇಲ್ಲ. ಹಜೀರಾಬೀ ಅವಳ ಜೊತೆಗಾತಿ, ತಂಡದಲ್ಲೆಲ್ಲ ಎತ್ತರದವಳು. ಅವಳು ಓಡಿಹೋಗಿ ಬೆನ್ನು ನೀವಿದಳು. ದ್ರಾಕ್ಷಾಯಣಮ್ಮ ಹತ್ತಿರ ಹೋಗಿ ನೋಡಿದರೆ ಹುಡುಗಿಯ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು, ಕತ್ತಿನ ನರ ಒಂದೇ ಸಮ ಹಾರುತ್ತಿತ್ತು. ಸುಸ್ತಾದವರನ್ನು ಅವರು ಸಾವಿರ ಸಲ ನೋಡಿದ್ದರು. ಇದು ಸುಸ್ತಲ್ಲ ಎಂದು ಆ ಕ್ಷಣಕ್ಕೇ ಅನ್ನಿಸಿತು. ಓಡಿಸಿದವಳು ನಾನೇ ಎಂಬುದೂ ಅದರ ಹಿಂದೆಯೇ ಬಂತು.

ಮಾರನೆಯ ದಿನ, "ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು, ಯೂನಿವರ್ಸಿಟಿ ರೂಲ್ಸು" ಎಂದು ಹೇಳಿ ಬಿಂದುವನ್ನು ಡಾಕ್ಟರ್ ಪರಮೇಶ್ವರಪ್ಪನವರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಚಿಕ್ಕವಳಿದ್ದಾಗ ಜ್ವರ ಬಂದು ಕೀಲು ಬಾತುಕೊಂಡಿತ್ತೇ ಎಂದು ಕೇಳಿದರು. ಐದನೇ ಕ್ಲಾಸಿನಲ್ಲಿದ್ದಾಗ ಒಂದು ತಿಂಗಳು ಮಲಗಿದ್ದೆ ಎಂದಳು ಬಿಂದು. ಇಸಿಜಿ ಆಯಿತು, ಎದೆಯ ಸ್ಕ್ಯಾನಿಂಗ್ ಆಯಿತು. ಹುಡುಗಿಯನ್ನು ಹೊರಗೆ ಕೂರಿಸಿ ಡಾಕ್ಟರು ಹೇಳಿದರು:

"ಹೃದಯದ ಒಂದು ವಾಲ್ವ್ ಕಿರಿದಾಗಿದೆ ಮೇಡಂ. ಆ ಜ್ವರದ್ದೇ ಕೆಲಸ. ಬೆಂಗಳೂರಿಗೆ ಹೋದ್ರೆ ಬಲೂನ್ ಹಾಕಿ ಅಗಲ ಮಾಡ್ತಾರೆ. ಅಲ್ಲಿವರೆಗೆ ಓಟ, ಆಟ ಏನೂ ಕೂಡದು. ಮನೆಯವರನ್ನ ಕರೆಸ್ರಿ."

ಗುಡ್ಡಪ್ಪ ಎರಡು ದಿನ ಬಿಟ್ಟು ಬಂದ. ಆರಡಿ ಆಳು, ಕಬ್ಬಿಣ ಹಿಡಿದು ಹಿಡಿದು ಗಟ್ಟಿಯಾದ ಕೈ. ಡಾಕ್ಟರ ಮಾತನ್ನೆಲ್ಲ ತಲೆ ತಗ್ಗಿಸಿ ಕೇಳಿದ. ಹೊರಗೆ ಬಂದ ಮೇಲೆ, ಆಸ್ಪತ್ರೆಯ ಬೇವಿನ ಮರದ ಕೆಳಗೆ ದ್ರಾಕ್ಷಾಯಣಮ್ಮನಿಗೆ ಕೈಮುಗಿದ.

"ಮೇಡಮ್ನೋರೇ, ಆನಗೋಡಿನ ಸಣ್ಣಬೀರಪ್ಪನ ಮಗನಿಗೆ ಕೊಡೋದು ಅಂತ ಮಾತಾಗೈತ್ರಿ. ದೀಪಾವಳಿ ಆದಮ್ಯಾಲೆ ಲಗ್ನ. ಹುಡುಗಿಗೆ ಹಾರ್ಟಿಂದು ಅಂತ ಒಂದು ಮಾತು ಹೊರಗೆ ಬಿತ್ತು ಅಂದ್ರೆ ಮುಗೀತು. ಅವ್ರಷ್ಟೇ ಅಲ್ಲ, ಇನ್ಯಾರೂ ಬರಂಗಿಲ್ಲ."

"ಡಾಕ್ಟ್ರು ಹೇಳಿದ್ದು ಕೇಳಿದ್ರೋ ಇಲ್ವೋ? ಹಿಂಗೇ ಮದುವೆ ಮಾಡಿ ನಾಳೆ ಬಸುರಿ ಆದ್ರೆ ಜೀವಕ್ಕೇ ಕುತ್ತು ಅಂದ್ರಲ್ಲ."

"ಲಗ್ನದ ಒಳಗೇ ಬೆಂಗಳೂರಿಗೆ ಕರ್ಕೊಂಡು ಹೋಗಿ ಮಾಡಿಸ್ತೀನ್ರಿ. ಯಾರಿಗೂ ಗೊತ್ತಾಗದಂಗೆ. ನೀವು ಆಟ ಬಿಡಿಸ್ರಿ, ಸಾಕು. ಕಾಯಿಲೆ ಅಂತ ಮಾತ್ರ ಬ್ಯಾಡ. ಆಕೀಗೂ ಬ್ಯಾಡ. ಹುಡುಗು ಬುದ್ಧಿ, ಗೆಳತೇರ ಮುಂದೆ ಅಂದುಬಿಡ್ತಾಳೆ."

"ಹಂಗಾದ್ರೆ ಏನಂತ ಹೇಳಿ ಬಿಡಿಸ್ಲಿ?"

"ಆಟ ಸಾಲದು ಅನ್ರಿ."

ದ್ರಾಕ್ಷಾಯಣಮ್ಮ ಆಗಲೇ ಒಪ್ಪಲಿಲ್ಲ. ಮನೆಗೆ ಹೋಗುವಾಗ ಅಶೋಕ ಟಾಕೀಸಿನ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಹೋಗುವಷ್ಟು ಹೊತ್ತೂ ಆಟೋದಲ್ಲಿ ಕೂತು ಅದನ್ನೇ ಯೋಚಿಸಿದರು. ಮೊದಲು ಹುಡುಗಿ ಓಡುವುದು ನಿಲ್ಲಬೇಕು. ಮಿಕ್ಕದ್ದು ಅಪ್ಪನಿಗೆ ಬಿಟ್ಟದ್ದು. ಅವರ ಮಗಳು, ಅವರ ಮನೆ. ಗೇಟು ತೆಗೆಯುವ ಹೊತ್ತಿಗೆ ಮನಸ್ಸು ಗಟ್ಟಿಯಾಗಿತ್ತು. ಅಥವಾ ಗಟ್ಟಿಯಾಯಿತೆಂದು ತಾವೇ ಅಂದುಕೊಂಡರು.

ಆ ಭಾನುವಾರ ಬಿಂದುವಿನ ಕಾರ್ಡನ್ನು ಹರಿದು ಹೊಸ ಕಾರ್ಡು ಬರೆದರು. ಪಾಸಿಗೆ ನಾಲ್ಕು. ತಡೆಯುವುದಕ್ಕೆ ಎರಡು. ಫ್ರೀ ಥ್ರೋಗೆ ಮೂರು. ಕೈಬರಹ ಎಂದಿನಂತೆ ದುಂಡಗಿತ್ತು.

ಸೋಮವಾರ ನೋಟಿಸ್ ಬೋರ್ಡಿಗೆ ಪಟ್ಟಿ ಬಿತ್ತು. ಅರ್ಧ ಗಂಟೆಯಲ್ಲಿ ಬಿಂದು ಕೋಣೆಯ ಬಾಗಿಲಲ್ಲಿದ್ದಳು. ಅತ್ತಿರಲಿಲ್ಲ.

"ಎಲ್ಲಿ ಕಮ್ಮಿ ಬಿತ್ರಿ ಮೇಡಂ?"

"ಓಟ ಇಲ್ಲ. ಡಿಫೆನ್ಸ್ ಇಲ್ಲ. ಹೋದ ವರ್ಷದ ಆಟ ಈ ವರ್ಷ ಉಳಿದಿಲ್ಲ."

"ಕಾರ್ಡ್ ನೋಡ್ಬಹುದಾ?"

ಕಾರ್ಡು ಕೇಳಿದವರಿಗೆಲ್ಲ ತೋರಿಸುವುದು ಅವರೇ ಮಾಡಿಟ್ಟ ನಿಯಮ. ಕೊಟ್ಟರು. ಬಿಂದು ನಿಧಾನಕ್ಕೆ ಓದಿದಳು. ಒಂದು ಕಡೆ ಬೆರಳಿಟ್ಟು ನಿಂತಳು.

"ಫ್ರೀ ಥ್ರೋ ಮೂರಾ? ಹತ್ತಕ್ಕೆ ಎಂಟು ಬಿದ್ದಿತ್ತಲ್ರಿ. ಹಜೀರಾ ಎಣಿಸಿದ್ಲು."

ದ್ರಾಕ್ಷಾಯಣಮ್ಮ ಮೇಜಿನ ಮೇಲಿದ್ದ ಯಾವುದೋ ಫೈಲು ಎಳೆದುಕೊಂಡರು. "ಹಜೀರಾ ಎಣಿಸಿದ್ದಲ್ಲ, ನಾನು ಬರ್ದಿದ್ದು ಲೆಕ್ಕ. ಚೆಂಡು ಬಿದ್ರೆ ಸಾಕಾ? ಕೈ ಹೆಂಗೆ ಬರ್ತದೆ, ಕಾಲು ಹೆಂಗಿರ್ತದೆ, ಎಲ್ಲ ನೋಡ್ಬೇಕು. ನಿನಗೆ ಈ ಆಟ ಆಗಲ್ಲಮ್ಮ. ಓದ್ಕೊ, ಹೋಗು."

ಮೇಡಂ ತಲೆ ಎತ್ತಲಿಲ್ಲ. ಬಿಂದು ಕಾರ್ಡನ್ನು ಮೇಜಿನ ಅಂಚಿನಲ್ಲಿಟ್ಟು ಹೊರಟುಹೋದಳು.

ಅವತ್ತಿನಿಂದ ಸಂಜೆಯ ಅಭ್ಯಾಸ ಅಭ್ಯಾಸದಂತಿರಲಿಲ್ಲ. ಕ್ಯಾಪ್ಟನ್ ರಶ್ಮಿತಾ ಹೇಳಿದ್ದಷ್ಟನ್ನು ಮಾಡುತ್ತಿದ್ದಳು. ಹಜೀರಾಬೀ ಮೇಡಂ ಮುಖವನ್ನೇ ನೋಡುತ್ತಿರಲಿಲ್ಲ. ಮಾರ್ಕ್ಸಿನ ವಿಷಯ ಬಂದರೆ ಹುಡುಗಿಯರು ಮಾತು ನಿಲ್ಲಿಸಿಬಿಡುತ್ತಿದ್ದರು. ದ್ರಾಕ್ಷಾಯಣಮ್ಮ ಎಲ್ಲ ಸಹಿಸಿದರು. ಒಂದು ಜೀವ ಉಳಿಸಿದ್ದೇನೆ ಎಂದು ತಮಗೆ ತಾವೇ ಹೇಳಿಕೊಂಡರು.

ಹದಿನೈದು ದಿನವಾಗಿತ್ತು. ಅಭ್ಯಾಸ ಮುಗಿದ ಮೇಲೆ ಹಜೀರಾಬೀ ತಾನಾಗಿಯೇ ಬಂದು ನಿಂತಳು.

"ಮೇಡಂ, ಒಂದು ಮಾತು ಕೇಳ್ಲಾ? ಬಿಂದು ದಿನಾ ಬೆಳಿಗ್ಗೆ ಅಪ್ಪಗೆ ಗೊತ್ತಾಗದಂಗೆ ತುಂಗಭದ್ರಾ ಬ್ರಿಜ್ಜಿನವರೆಗೂ ಓಡ್ತಾಳಂತ್ರಿ. ಬಂದು ಕಾಲನಿ ಹುಡುಗರ ಜೊತೆ ಒಂದು ತಾಸು ಆಡ್ತಾಳಂತೆ. ಸ್ಟಾಮಿನಾ ಬಂದ್ರೆ ಮೇಡಂ ತಗೋತಾರೆ ಅಂತಾಳೆ. ತಗೋತೀರೇನ್ರಿ?"

"ಎಷ್ಟು ದಿನದಿಂದ?"

"ಲಿಸ್ಟ್ ಹಾಕಿದ ಮಾರನೇ ದಿನದಿಂದ."

ಮರುದಿನ ಮೊದಲ ಬಸ್ಸಿಗೇ ಹರಿಹರಕ್ಕೆ ಹೋದರು. ಕಾಲನಿಯ ಕೋರ್ಟು ಹುಡುಕುವುದು ಕಷ್ಟವಾಗಲಿಲ್ಲ. ಚೆಂಡಿನ ಸದ್ದು ದೂರದಿಂದಲೇ ಕೇಳುತ್ತಿತ್ತು. ಆರೇಳು ಹುಡುಗರ ನಡುವೆ ಬಿಂದು. ಚೆಂಡು ಹಿಡಿದು ಒಬ್ಬನನ್ನು ದಾಟಿದಳು, ಇನ್ನೊಬ್ಬನನ್ನೂ ದಾಟಿದಳು. ಮೂರನೆಯವನ ಹತ್ತಿರ ನಿಂತು ಚೆಂಡನ್ನು ಬಿಟ್ಟುಬಿಟ್ಟಳು. ಮೊಣಕಾಲಿಗೆ ಕೈ ಊರಿ ಕೆಮ್ಮಿದಳು. ಹುಡುಗರಿಗೆ ರೂಢಿಯಾಗಿರಬೇಕು, ಅವಳು ಸುಧಾರಿಸಿಕೊಳ್ಳುವವರೆಗೆ ಸುಮ್ಮನೆ ನಿಂತಿದ್ದರು.

ದ್ರಾಕ್ಷಾಯಣಮ್ಮ ಅವಳನ್ನು ಕರೆದು ಪಕ್ಕದ ಕಲ್ಲುಬೆಂಚಿನ ಮೇಲೆ ಕೂರಿಸಿಕೊಂಡರು. ಬಿಂದುವಿನ ಮುಖದಲ್ಲಿ ಆಸೆಯಿತ್ತು. ಕರೆಯಲಿಕ್ಕೇ ಬಂದಿದ್ದಾರೆ ಎಂದುಕೊಂಡಿದ್ದಳು. ಅದನ್ನು ನೋಡುತ್ತಲೇ ಎಲ್ಲ ಹೇಳಬೇಕಾಯಿತು. ವಾಲ್ವ್, ಡಾಕ್ಟರು, ಅಪ್ಪನ ಮಾತು, ಹರಿದ ಕಾರ್ಡು, ಬರೆದ ಕಾರ್ಡು. ಏನನ್ನೂ ಬಿಡಲಿಲ್ಲ.

ಬಿಂದು ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದಳು.

"ನನಗೊಬ್ಬಾಕಿಗೇ ಸ್ಕ್ಯಾನಿಂಗ್ ಯಾಕ ಅಂತ ಅವತ್ತೇ ಅನ್ನಿಸಿತ್ತು" ಎಂದಳು. ಆಮೇಲೆ, "ಹಂಗಾದ್ರೆ ನಂಗೆ ಆಟ ಬರ್ತದೆ."

"ಬರ್ತದಮ್ಮ."

"ಕಾಯಿಲೆ ಅಂತಲೇ ಹೇಳ್ಬೇಕಾಗಿತ್ರಿ. ನಾನು ತಡ್ಕೊತಿದ್ದೆ. ಈ ಹದಿನೈದು ದಿನ ನನ್ನ ಕೈಯಾಗೆ ಆಟಾನೇ ಇಲ್ಲ ಅಂದ್ಕೊಂಡು ಓಡಿದೀನಿ."

ಮನೆಗೆ ಹೋದಾಗ ಗುಡ್ಡಪ್ಪ ಕೆಲಸಕ್ಕೆ ಹೊರಡುವುದರಲ್ಲಿದ್ದ. ಇಬ್ಬರ ಮುಖ ನೋಡಿದ್ದೇ ಅವನಿಗೆ ತಿಳಿಯಿತು. ಸೈಕಲ್ಲನ್ನು ಗೋಡೆಗೆ ಒರಗಿಸಿ, "ನಿಮ್ಮನ್ನ ನಂಬಿದ್ದೆ" ಎಂದ. ಅಷ್ಟೇ. ಬಿಂದುವಿನ ತಾಯಿ ಓಬವ್ವ ಒಳಗಿನಿಂದ ಬಂದು, ಯಾರು ಏನನ್ನುತ್ತಿದ್ದಾರೆಂದು ಅರ್ಥವಾಗದೆ ಒಬ್ಬೊಬ್ಬರನ್ನೇ ನೋಡಿದಳು. ಅವಳಿಗೂ ಗಂಡ ಹೇಳಿರಲಿಲ್ಲ. ಗೊತ್ತಾದ ಮೇಲೆ ಅವಳು ಮಗಳ ಎದೆಯ ಮೇಲೆ ಕೈಯಿಟ್ಟು ಬಡಿತ ನೋಡಿದಳು.

ಆ ಹದಿನೈದು ದಿನದ ಓಟ ಸುಮ್ಮನೆ ಹೋಗಲಿಲ್ಲ. ವಾರದೊಳಗೆ ಬಿಂದುವಿಗೆ ಮಲಗಿದರೆ ಉಸಿರು ಕಟ್ಟತೊಡಗಿತು. ಮನೆ ಬಾಗಿಲಿಗೇ ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಪುಪ್ಪುಸಕ್ಕೆ ನೀರು ಬಂದಿದೆ ಎಂದರು. ಅಲ್ಲಿಂದ ಆಂಬುಲೆನ್ಸಿನಲ್ಲೇ ಬೆಂಗಳೂರು. ಬಲೂನಿನಿಂದ ಆಗಲಿಲ್ಲ, ಎದೆ ಕೊಯ್ದು ವಾಲ್ವನ್ನೇ ಬದಲಾಯಿಸಿದರು. ಆನಗೋಡಿನವರಿಗೆ ಯಾರೂ ಹೇಳುವ ಅಗತ್ಯವೇ ಬೀಳಲಿಲ್ಲ. ಆಂಬುಲೆನ್ಸನ್ನು ಇಡೀ ಕಾಲನಿ ನೋಡಿತ್ತು. ಸಂಬಂಧ ಮುರಿಯಿತು. ಸೆಪ್ಟೆಂಬರಿನಲ್ಲಿ ಶಿವಮೊಗ್ಗಕ್ಕೆ ಹೋದ ತಂಡ ಮೊದಲ ಪಂದ್ಯದಲ್ಲೇ ಸೋತು ಅದೇ ಸಂಜೆ ವಾಪಸು ಬಂತು. ಬಸ್ಸಿನಲ್ಲಿ ಯಾರೂ ಹಾಡಲಿಲ್ಲ.

ದ್ರಾಕ್ಷಾಯಣಮ್ಮ ಎರಡು ಸಲ ಹರಿಹರಕ್ಕೆ ಹೋಗಿ ಬಂದರು. ಎರಡು ಸಲವೂ ಗುಡ್ಡಪ್ಪ ಬಾಗಿಲಲ್ಲೇ, ಮಲಗಿದ್ದಾಳೆ ಎಂದು ಕಳಿಸಿದ. ಮೂರನೇ ಸಲ, ಜನವರಿಯಲ್ಲಿ, ಅವನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಹೋದರು. ಓಬವ್ವ ಒಳಗೆ ಕರೆದಳು.

ಬಿಂದು ಹಿತ್ತಲಲ್ಲಿ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಇಳಿದುಹೋಗಿದ್ದಳು. ಕತ್ತಿನವರೆಗೂ ದುಪಟ್ಟಾ ಎಳೆದುಕೊಂಡಿದ್ದಳು. ಕಾಲೇಜು ಬಿಟ್ಟಾಗಿತ್ತು. ದಿನಾ ಮಾತ್ರೆ, ತಿಂಗಳಿಗೊಮ್ಮೆ ರಕ್ತದ ಪರೀಕ್ಷೆ, ಬೀದಿಯ ತುದಿಯವರೆಗೆ ನಡಿಗೆ, ಅಷ್ಟು ಬದುಕು. ಹಜೀರಾಬೀ ಬಂದು ಹೋಗುತ್ತಾಳೆ ಎಂದಳು. ಏನಾದರೂ ಹೇಳಬೇಕೆಂದು ದ್ರಾಕ್ಷಾಯಣಮ್ಮ ಸೋತ ಪಂದ್ಯದ ಕಥೆ ತೆಗೆದರು. ಬಿಂದು ಗಮನವಿಟ್ಟು ಕೇಳಿದಳು, ಯಾರು ಎಲ್ಲಿ ನಿಂತಿದ್ದರು ಎಂದೆಲ್ಲ ವಿಚಾರಿಸಿದಳು.

"ನಾನು ಇದ್ದಿದ್ರೆ ಗೆಲ್ತಿದ್ವೇನ್ರಿ?"

"ಗೆಲ್ತಿದ್ವಿ" ಎಂದರು ದ್ರಾಕ್ಷಾಯಣಮ್ಮ. ಇಷ್ಟು ದಿನ ಬಾಯಿಗೆ ಬಾರದ್ದು ಈಗ ಬಂತು. "ಹದಿನಾಲ್ಕು ವರ್ಷದಾಗೆ ನಿನ್ನಂಥ ಹುಡುಗಿ ನಂಗೆ ಸಿಕ್ಕಿರ್ಲಿಲ್ಲಮ್ಮ. ಎಲ್ಲರಿಗಿಂತ ಮೇಲಿದ್ದಿ ನೀನು."

ಬಿಂದು ಅವರ ಮುಖವನ್ನು ಹುಡುಕುವಂತೆ ನೋಡಿದಳು. ಸಿಟ್ಟಿರಲಿಲ್ಲ.

"ನೀವು ಖರೇ ಹೇಳ್ತಿದೀರೋ, ಸಮಾಧಾನಕ್ಕೆ ಹೇಳ್ತಿದೀರೋ, ನಂಗೆ ಈಗ ಗೊತ್ತಾಗಂಗಿಲ್ಲ ಮೇಡಂ" ಎಂದಳು. "ಮೊದಲು ಗೊತ್ತಾಗ್ತಿತ್ತು."

ದ್ರಾಕ್ಷಾಯಣಮ್ಮ ಆಣೆ ಮಾಡಿ ಹೇಳಬಹುದಿತ್ತು, ಆದರೆ ಅದೂ ಮಾತೇ ತಾನೆ. ಓಬವ್ವ ಚಹಾ ತಂದಿಟ್ಟಳು. ಕುಡಿದರು. ಈ ವರ್ಷದ ಚಳಿಯ ಬಗ್ಗೆ ಮೂವರೂ ಸ್ವಲ್ಪ ಹೊತ್ತು ಮಾತಾಡಿದರು. ಕಾರ್ಖಾನೆಯ ಪಾಳಿ ಬಿಡುವ ಹೊತ್ತಾಯಿತೆಂದು ಓಬವ್ವ ಬಾಗಿಲ ಕಡೆ ನೋಡತೊಡಗಿದಾಗ ದ್ರಾಕ್ಷಾಯಣಮ್ಮ ಎದ್ದು, ಬಿಂದುವಿನ ಭುಜ ಮುಟ್ಟಿ, ಬಸ್ ಸ್ಟ್ಯಾಂಡಿನ ಕಡೆ ನಡೆದರು.