ಮೂರು ವೋಟು

"ಮೂರು ವೋಟು ನಿಶ್ಮಿತಾಗೆ. ಅದರಲ್ಲಿ ಎರಡು ಮಾತಿಲ್ಲ," ಎಂದು ವಾಲ್ಟರ್ ಚಮಚದಿಂದ ಮೇಜು ಕುಟ್ಟಿದ. "ಯಾರಿಗಾದ್ರೂ ತಕರಾರು ಉಂಟಾದ್ರೆ ಈಗಲೇ ಹೇಳಿ. ಆಮೇಲೆ ಹೇಳಿದ್ರೆ ನಾನು ಕೇಳ್ಲಿಕ್ಕಿಲ್ಲ."

ಯಾರಿಗೂ ತಕರಾರಿರಲಿಲ್ಲ. ಆ ಮಧ್ಯಾಹ್ನವಷ್ಟೇ ಸೀಬ್ ಸೀಗಲ್ಸ್ ತಂಡದ ಹುಡುಗಿಯರು ಶಾರ್ಜಾದಿಂದ ಬಂದ ತಂಡವನ್ನು ಸೋಲಿಸಿ ಮೊದಲ ಬಾರಿಗೆ ಫೈನಲ್ ಸೇರಿದ್ದರು. ಮುಂದಿನ ಶುಕ್ರವಾರ ದುಬೈಯಲ್ಲಿ ಆಟ. ಗೆದ್ದ ಸಂಜೆ ಮಸ್ಕತಿನ ಅಲ್ ಖುವೈರಿನಲ್ಲಿರುವ ವಾಲ್ಟರನ ಫ್ಲ್ಯಾಟಿನಲ್ಲಿ ಕೂತು ಒಬ್ಬೊಬ್ಬ ಆಟಗಾರ್ತಿಯ ಗುಣದೋಷ ಅಳೆದು, ಮೂವರು ಉತ್ತಮರಿಗೆ ಮೂರು, ಎರಡು, ಒಂದು ಎಂದು ವೋಟು ಹಂಚುವುದು ವಾಲ್ಟರ್ ಮತ್ತು ನಿಶ್ಮಿತಾಳ ಮನೆಯವರ ವಾಡಿಕೆ. ಸೋತ ದಿನ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವುದರಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ.

ಆಸ್ಟ್ರೇಲಿಯಾದವರ ಈ ಫುಟ್‌ಬಾಲು ಮೊದಲಿಗೆ ಅವರಲ್ಲಿ ಯಾರಿಗೂ ಅರ್ಥವಾಗಿರಲಿಲ್ಲ. ಚೆಂಡು ಉರುಟಲ್ಲ, ಮೊಟ್ಟೆಯಾಕಾರ. ಕಾಲಲ್ಲಿ ಒದೆಯಲೂಬಹುದು, ಕೈಯಲ್ಲಿ ಗುದ್ದಲೂಬಹುದು. ಎದುರಾಳಿಯ ಬೆನ್ನಿಗೆ ಮೊಣಕಾಲು ಕೊಟ್ಟು ಮೇಲೆ ಹಾರಿ ಚೆಂಡು ಹಿಡಿದರೆ ತಪ್ಪಲ್ಲ, ಅದಕ್ಕೇ ಹೆಚ್ಚು ಚಪ್ಪಾಳೆ. ತಲೆಗೆ ಹೆಲ್ಮೆಟ್ ಇಲ್ಲ. ನಿಶ್ಮಿತಾ ಕೆಲಸ ಮಾಡುವ ಆಫೀಸಿನ ಆಸ್ಟ್ರೇಲಿಯನ್ ಮ್ಯಾನೇಜರಮ್ಮ ತಂಡಕ್ಕೆ ಜನ ಸಾಲದೆ ಅವಳನ್ನು ಎಳೆದುಕೊಂಡು ಹೋದಾಗ ಮನೆಯಲ್ಲಿ ಒಂದು ವಾರ ಮಾತುಕತೆ ನಿಂತಿತ್ತು. ತಾಯಿ ವಾರಿಜಾಕ್ಷಿ ಸುತರಾಂ ಒಪ್ಪಿರಲಿಲ್ಲ. ತಂದೆ ಪ್ರೇಮನಾಥನೇ ಮಗಳ ಪರ ನಿಂತ. "ನಾನಿಲ್ವಾ? ಪ್ರತಿ ಮ್ಯಾಚಿಗೂ ಗೆರೆಯ ಹತ್ತಿರವೇ ನಿಂತಿರ್ತೇನೆ. ಅವಳಿಗೆ ಎಂತ ಆಗ್ಲಿಕ್ಕೂ ಬಿಡುದಿಲ್ಲ," ಎಂದು ಹೆಂಡತಿಗೆ ಮಾತು ಕೊಟ್ಟ. ತಾನು ಕೆಲಸ ಮಾಡುವ ವಾದಿ ಅದಾಯ್ ಬಡಾವಣೆಯ ಟೈಲ್ಸ್ ಶೋರೂಮಿನಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ನೋಡಿ ನೋಡಿ ಆಟದ ನಿಯಮ ಕಲಿತ. ಅವನಿಂದ ಕಲಿತ ವಾಲ್ಟರ್ ಈಗ ಅವನಿಗೇ ಪಾಠ ಹೇಳುತ್ತಾನೆ.

"ಆ ಸೌತ್ ಆಫ್ರಿಕಾದ ಟೀಚರ್ ಉಂಟಲ್ಲ," ವಾಲ್ಟರ್ ಮುಂದುವರಿಸಿದ, "ಅವಳು ಓಡುದು ಹೇಗೆ ಗೊತ್ತುಂಟಾ? ಮದುವೆ ಹಾಲ್‌ನ ಹೊರಗೆ ಚಪ್ಪಲಿ ಹುಡುಕಿದ ಹಾಗೆ. ತಲೆ ಎತ್ತುದೇ ಇಲ್ಲ ಮಾರಾಯ್ರೆ! ಅವಳಿಗೆ ಸೊನ್ನೆ."

"ಪಾಪ, ಅವಳು ಎದುರಿನವರ ಬಾಲ್ ಎಷ್ಟು ಸಲ ತಡೆದ್ಲು ನೋಡಿದ್ರಾ?" ವಾಲ್ಟರನ ಹೆಂಡತಿ ಜೇನ್ ಕೋಳಿ ಸುಕ್ಕದ ಪಾತ್ರೆ ತಂದಿಟ್ಟಳು. "ನಿಮ್ಮ ಬಾಯಿಗೆ ಬಿದ್ರೆ ಯಾರಿಗೂ ಉಳಿಗಾಲ ಇಲ್ಲ. ನಿಶ್ಮಿತಾ, ಬಡಿಸ್ಕೋ ಮಗಾ. ಎಂತ ತಿನ್ಲೇ ಇಲ್ಲ ನೀನು."

ನಿಶ್ಮಿತಾ ಸೋಫಾದ ಮೂಲೆಯಲ್ಲಿ ತಂಡದ ನೀಲಿ ಜೆರ್ಸಿಯಲ್ಲೇ ಕೂತಿದ್ದಳು. ತಟ್ಟೆಯ ನೀರುದೋಸೆ ಹಾಕಿದ ಹಾಗೆಯೇ ಇತ್ತು. "ತಿಂತೇನೆ ಆಂಟಿ. ಅಕ್ಷಿತಾ ಬರ್ಲಿಲ್ವಾ?" ಎಂದು ತಂಡದ ಗೆಳತಿಯನ್ನು ವಿಚಾರಿಸಿದಳು.

"ಆಗಲೇ ಹೇಳಿದೆ ಅಲ್ವಾ, ಅವಳ ಅಮ್ಮನನ್ನು ಏರ್‌ಪೋರ್ಟಿಗೆ ಬಿಡ್ಲಿಕ್ಕೆ ಹೋಗಿದ್ದಾಳೆ ಅಂತ. ಗೆದ್ದ ಅಮಲಿನಲ್ಲಿ ಕಿವಿಯೂ ಕೇಳುದಿಲ್ಲ ಇವಳಿಗೆ!"

ಎಲ್ಲರೂ ನಕ್ಕರು. ನಿಶ್ಮಿತಾಳೂ ನಕ್ಕಳು, ಸ್ವಲ್ಪ ತಡವಾಗಿ.

ವಾಲ್ಟರ್ ಈಗ ಎದ್ದು ನಿಂತ. ಕತೆಯ ಮುಖ್ಯ ಘಟ್ಟಕ್ಕೆ ಕೂತು ಹೇಳುವ ಅಭ್ಯಾಸ ಅವನಿಗಿಲ್ಲ. "ಕೊನೆಯ ಕ್ವಾರ್ಟರ್. ನಾವು ಹಿಂದೆ. ಬಾಲ್ ಮೇಲೆ ಹೋಯ್ತು. ಕೆಳಗೆ ಆ ಶಾರ್ಜಾದ ಗಟ್ಟಿಗಿತ್ತಿ. ನಮ್ಮ ನಿಶ್ಮಿತಾ ಹಿಂದಿನಿಂದ ಬಂದ್ಲು. ಹಲಸಿನ ಮರ ಹತ್ತಿದ ಹಾಗೆ ಹತ್ತಿದ್ಲು ಮಾರಾಯ್ರೆ ಅವಳ ಬೆನ್ನು! ಬಾಲ್ ಕೈಯಲ್ಲಿ. ಒದ್ಲು, ಗೋಲ್! ಅಷ್ಟೇ ಅಲ್ಲ. ಕೊನೆಗೆ ಆ ಮೂಲೆಯಿಂದ ಎಡಗಾಲಲ್ಲಿ ಇನ್ನೊಂದು ಗೋಲ್. ಅದು ಗೆಲ್ಲಿಸಿದ್ದು ನಮ್ಮನ್ನು!"

ನಗುತ್ತಿದ್ದ ಪ್ರೇಮನಾಥ ಮಗಳ ಕಡೆ ನೋಡಿದ. ಕೊನೆಯ ಗೋಲು ಹೊಡೆದದ್ದು ಅಕ್ಷಿತಾ. ಆ ಹೊತ್ತಿಗೆ ವಾಲ್ಟರ್ ಚಹಾ ತರಲು ಹೋಗಿದ್ದ, ಮರಳುವಾಗ ಹುಡುಗಿಯರೆಲ್ಲ ನಿಶ್ಮಿತಾಳನ್ನು ತಬ್ಬಿಕೊಂಡದ್ದನ್ನು ಮಾತ್ರ ನೋಡಿದ್ದ. ತಿದ್ದಲು ಪ್ರೇಮನಾಥ ಬಾಯಿ ತೆರೆದ, ಆದರೆ ಮಗಳೇ ತಿದ್ದಲಿ ಎಂದು ತಡೆದ. ಬೇರೆಯವರ ಪಾಲಿನದು ತನಗೆ ಬಂದರೆ ಅವಳು ಸಹಿಸುವವಳಲ್ಲ. ಹೋದ ತಿಂಗಳು ಇದೇ ವಾಲ್ಟರ್ ಇನ್ನಾರದೋ ಒಂದು ಒದೆತವನ್ನು ಇವಳ ಲೆಕ್ಕಕ್ಕೆ ಬರೆದಾಗ ಊಟ ಬಿಟ್ಟು ಜಗಳಾಡಿದ್ದಳು.

"ಥ್ಯಾಂಕ್ಸ್ ಅಂಕಲ್," ಎಂದಳು ನಿಶ್ಮಿತಾ.

ಪ್ರೇಮನಾಥನ ತುತ್ತು ಕೈಯಲ್ಲೇ ಉಳಿಯಿತು.

ಮೂರನೆಯ ಕ್ವಾರ್ಟರಿನಲ್ಲಿ ಅವಳು ಬಿದ್ದಿದ್ದಳು. ಒಬ್ಬಳ ಮೊಣಕಾಲು ಅವಳ ಕಿವಿಯ ಮೇಲ್ಭಾಗಕ್ಕೆ ಬಡಿದಿತ್ತು. ಗೆರೆಯ ಹತ್ತಿರವೇ ಬಿದ್ದದ್ದರಿಂದ ಪ್ರೇಮನಾಥ ಎರಡು ಮಾರು ದೂರದಲ್ಲಿದ್ದ. ಜೇನ್ ಜೊತೆ ಮೈದಾನದ ಆಚೆ ಬದಿಯ ನೆರಳಿನಲ್ಲಿದ್ದ ವಾರಿಜಾಕ್ಷಿಗೆ ಮಗಳು ಬಿದ್ದು ಎದ್ದದ್ದಷ್ಟೇ ಕಂಡಿತ್ತು. ತಂಡದ ಪ್ರಥಮ ಚಿಕಿತ್ಸೆಯ ಜೂಲಿಯನ್ ಓಡಿ ಬಂದು ಮೊಣಕಾಲೂರಿ, ಕಣ್ಣು ನೋಡಿ, ತಲೆಗೇನೂ ಆಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಇಂಗ್ಲಿಷಿನಲ್ಲಿ ಕೇಳಿದ: ಇದು ಎಷ್ಟನೆಯ ಕ್ವಾರ್ಟರ್? ಈಗಷ್ಟೇ ಗೋಲು ಹೊಡೆದವರು ಯಾರು? ನಿಶ್ಮಿತಾ ಅಪ್ಪನ ಮುಖ ನೋಡಿದಳು. ತಂಡ ಹಿಂದಿತ್ತು, ಫೈನಲ್ ಕೈತಪ್ಪುವುದರಲ್ಲಿತ್ತು. ಬಿದ್ದ ಗಾಬರಿಗೆ ಮಗಳಿಗೆ ಮಾತು ಬರುತ್ತಿಲ್ಲ, ಅಷ್ಟೇ ಎಂದುಕೊಂಡ ಪ್ರೇಮನಾಥ. "ಮೂಜನೆ!" ಎಂದು ತುಳುವಿನಲ್ಲಿ ಕೂಗಿದ. ಮೂರನೆಯದು. ಅದರ ಬೆನ್ನಿಗೇ ಗೋಲು ಹೊಡೆದವಳ ಹೆಸರನ್ನೂ ತುಳುವಿನ ನಾಲ್ಕು ಮಾತಿನ ನಡುವೆ ಸೇರಿಸಿ ಹೇಳಿದ. ಜೂಲಿಯನ್ನನಿಗೆ ತುಳು ಎಲ್ಲಿಂದ ಬರಬೇಕು? ಅಪ್ಪ ಮಗಳಿಗೆ ಧೈರ್ಯ ಹೇಳುತ್ತಿದ್ದಾನೆ ಎಂದು ಅವನು ಹೆಬ್ಬೆರಳೆತ್ತಿ ನಕ್ಕಿದ್ದ. ನಿಶ್ಮಿತಾ ಎರಡು ಉತ್ತರವನ್ನೂ ಇಂಗ್ಲಿಷಿನಲ್ಲಿ ಒಪ್ಪಿಸಿ ಎದ್ದು ಮೈದಾನಕ್ಕೆ ಓಡಿದ್ದಳು. ಆ ದೊಡ್ಡ ಹಾರಾಟ, ಆ ಗೋಲು, ಎಲ್ಲ ಆಮೇಲಿನದು.

ಪ್ರೇಮನಾಥ ತುತ್ತನ್ನು ತಟ್ಟೆಗೆ ಹಾಕಿದ. ಸಹಜವಾಗಿ ಕೇಳಬೇಕೆಂದು ಪ್ರಯತ್ನಪಟ್ಟ. "ಮಗಾ, ಮ್ಯಾಚ್ ಮುಗಿದ ಮೇಲೆ ಆ ಶಾರ್ಜಾದ ಕ್ಯಾಪ್ಟನ್ ನಿನ್ನ ಕೈ ಹಿಡ್ಕೊಂಡು ಎಂತದೋ ಹೇಳ್ತಿದ್ಲಲ್ಲ? ಎಂತ ಹೇಳಿದ್ದು?"

ನಿಶ್ಮಿತಾ ಅವನ ಮುಖ ನೋಡಿದಳು. ನೋಡುತ್ತಲೇ ಇದ್ದಳು. ಮೈದಾನದಲ್ಲಿ ನೋಡಿದ ಹಾಗೆಯೇ, ಉತ್ತರ ಅಲ್ಲಿಂದ ಬಂದೀತು ಎಂದು ಕಾಯುವವಳಂತೆ.

"ಸುಮ್ನೆ ಪಪ್ಪ. ವೆಲ್ ಪ್ಲೇಯ್ಡ್ ಅಂತ. ಚಿಲ್." ಆಮೇಲೆ ಹಣೆ ಉಜ್ಜಿಕೊಂಡು, "ಆಂಟಿ, ಈ ಲೈಟ್ ಸ್ವಲ್ಪ ಆಫ್ ಮಾಡ್ಬಹುದಾ?" ಎಂದಳು.

"ತಲೆನೋವಾ?" ವಾರಿಜಾಕ್ಷಿ ಥಟ್ಟನೆ ಕೇಳಿದಳು.

"ಬಿಸಿಲಿಗೆ ಅಮ್ಮ."

ಬಿಸಿಲಿಗೇ ಇರಬಹುದು, ಎಂದುಕೊಂಡ ಪ್ರೇಮನಾಥ. ಇಡೀ ಮಧ್ಯಾಹ್ನ ಓಡಿದ್ದಾಳೆ, ನೀರು ಕುಡಿದದ್ದು ಸಾಲದು. ಮಲಗಿ ಎದ್ದರೆ ಸರಿಯಾದೀತು. ಈಗ ಬಾಯಿ ಬಿಟ್ಟರೆ ದುಬೈ ಹೋಯಿತು. ವಾರಿಜಾಕ್ಷಿ ಆ ಚೆಂಡನ್ನು ಇನ್ನು ಮನೆಯ ಹೊಸ್ತಿಲು ದಾಟಲು ಬಿಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಗೆರೆಯ ಹತ್ತಿರ ನಿಂತಿರುತ್ತೇನೆ ಎಂದವನು ಅಲ್ಲಿ ನಿಂತು ಮಾಡಿದ್ದೇನು ಎಂಬುದು ಅವಳಿಗೆ ಗೊತ್ತಾಗುತ್ತದೆ. ಅವನಿಗೆ ಭಯವಾಯಿತು. ಯಾವುದಕ್ಕೆ ಹೆಚ್ಚು ಭಯ ಎಂದು ಅವನಿಗೇ ತಿಳಿಯಲಿಲ್ಲ, ಅದರಿಂದ ನಾಚಿಕೆಯೂ ಆಯಿತು.

"ಎರಡು ವೋಟು ಯಾರಿಗೆ, ಪ್ರೇಮಣ್ಣ? ನೀವು ಹೇಳಿ," ವಾಲ್ಟರ್ ಕೇಳುತ್ತಿದ್ದ.

"ಅಕ್ಷಿತಾ ಬರ್ಲಿಲ್ವಾ, ಆಂಟಿ?" ಎಂದಳು ನಿಶ್ಮಿತಾ.

ಈ ಸಲ ಯಾರೂ ನಗಲಿಲ್ಲ. ಪ್ರೇಮನಾಥ ಕುರ್ಚಿ ಹಿಂದೆ ತಳ್ಳಿ ಎದ್ದ. "ಏಳು ಮಗಾ. ಆಸ್ಪತ್ರೆಗೆ ಹೋಗುವ."

"ಎಂತ ಮಾರಾಯ್ರೆ, ಗೆದ್ದ ದಿನ..." ವಾಲ್ಟರ್ ಶುರು ಮಾಡಿದ. ಜೇನ್ ಅವನ ತೋಳು ಹಿಡಿದು ಕೂರಿಸಿದಳು.

"ಪಪ್ಪ, ನೋ!" ನಿಶ್ಮಿತಾ ಎದ್ದು ನಿಂತು, ಸೋಫಾದ ಕೈ ಹಿಡಿದುಕೊಂಡಳು. "ಅವ್ರು ಕನ್‌ಕಶನ್, ಮೆದುಳಿಗೆ ಪೆಟ್ಟು ಅಂತ ಬರೆದ್ರೆ ಫ್ರೈಡೇ ಆಡ್ಲಿಕ್ಕೆ ಬಿಡುದಿಲ್ಲ. ಪ್ಲೀಸ್ ಪಪ್ಪ. ಐಯಾಮ್ ಫೈನ್."

ಹಾಗಾದರೆ ಅವಳಿಗೂ ಗೊತ್ತಿತ್ತು.

ಹೈವೇಯಲ್ಲಿ ಶುಕ್ರವಾರ ಸಂಜೆಯ ವಾಹನಗಳು ಒಂದಕ್ಕೊಂದು ಮೂಗು ತಾಗಿಸಿ ನಿಂತಿದ್ದವು. ಹಿಂದಿನ ಸೀಟಿನಲ್ಲಿ ವಾರಿಜಾಕ್ಷಿ ಮಗಳ ತಲೆಯನ್ನು ಭುಜಕ್ಕೊರಗಿಸಿಕೊಂಡು, "ನಿದ್ದೆ ಮಾಡ್ಬೇಡ, ಮಾತಾಡು, ಮಾತಾಡು," ಎನ್ನುತ್ತಿದ್ದಳು. ಪ್ರೇಮನಾಥ ಹಾರ್ನ್ ಒತ್ತಿದ. ಈ ಊರಿನಲ್ಲಿ ಅವನು ಹಾಗೆ ಹಾರ್ನ್ ಒತ್ತಿದ್ದು ಕಡಿಮೆ. ಪಕ್ಕದ ಕಾರಿನ ಒಮಾನಿ ಮುದುಕ ತಿರುಗಿ ನೋಡಿ, ಇವನ ಮುಖ ಕಂಡು, ಬೈಯದೆ ದಾರಿ ಬಿಟ್ಟ.

ತುರ್ತು ವಿಭಾಗದಲ್ಲಿದ್ದ ಡಾಕ್ಟರಮ್ಮ ಕೇರಳದವರು. ಕಣ್ಣಿಗೆ ಟಾರ್ಚ್ ಬಿಟ್ಟು, ಕೈ ಹಿಡಿದು ಒತ್ತಲು ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಕೇಳಿದರು: "ಇವತ್ತಿನ ಆಟ ನೆನಪಿದೆಯೇ? ಹೇಳು ನೋಡೋಣ."

ನಿಶ್ಮಿತಾ ಹೇಳಿದಳು. ಸರಾಗವಾಗಿ ಹೇಳಿದಳು. ಕೊನೆಯ ಕ್ವಾರ್ಟರ್, ತಾವು ಹಿಂದೆ ಇದ್ದದ್ದು, ಚೆಂಡು ಮೇಲೆ ಹೋದದ್ದು, ಕೆಳಗೆ ಶಾರ್ಜಾದ ಗಟ್ಟಿ ಹುಡುಗಿ, ತಾನು ಅವಳ ಬೆನ್ನನ್ನು ಹಲಸಿನ ಮರ ಹತ್ತಿದ ಹಾಗೆ ಹತ್ತಿದ್ದು, ಗೋಲು, ಆಮೇಲೆ ಮೂಲೆಯಿಂದ ಎಡಗಾಲಲ್ಲಿ ಇನ್ನೊಂದು ಗೋಲು.

"ಹಲಸಿನ ಮರ!" ಡಾಕ್ಟರಮ್ಮನಿಗೆ ನಗು ಬಂತು. "ಪರವಾಗಿಲ್ಲ, ನೆನಪು ಚೆನ್ನಾಗಿಯೇ ಇದೆ. ಸ್ವಲ್ಪ ಹೊತ್ತು ಇಲ್ಲೇ ಇಟ್ಟು ನೋಡಿ ಮನೆಗೆ ಕಳಿಸಬಹುದು."

ವಾರಿಜಾಕ್ಷಿ ಸೆರಗನ್ನು ಬಾಯಿಗೊತ್ತಿ, "ದೇವರು ದೊಡ್ಡವ," ಎಂದಳು. ನಿಶ್ಮಿತಾ ಅಪ್ಪನ ಕಡೆ ನೋಡಿದಳು. ಹೇಳಬೇಡ ಎಂದು ಅವಳ ಕಣ್ಣು ಬೇಡುತ್ತಿತ್ತು.

ಮಸ್ಕತಿನಲ್ಲಿ ಹುಟ್ಟಿ ಬೆಳೆದ ಹುಡುಗಿ. ಹಲಸನ್ನು ಅವಳು ನೋಡಿದ್ದು ಅಲ್ ಮವಾಲೇಹ್‌ನ ತರಕಾರಿ ಮಾರ್ಕೆಟ್ಟಿನಲ್ಲಿ, ತುಂಡು ಮಾಡಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟದ್ದನ್ನು. ಸುಮ್ಮನಿದ್ದುಬಿಟ್ಟರೆ ಎಲ್ಲವೂ ಉಳಿಯುತ್ತಿತ್ತು. ಡಾಕ್ಟರೇ ಹೇಳಿದ ಮೇಲೆ ತನ್ನದೇನು ತಪ್ಪು? ಡಾಕ್ಟರಮ್ಮ ಆಗಲೇ ಪರದೆ ಸರಿಸಿ ಹೊರಡುವುದರಲ್ಲಿದ್ದರು.

"ಮೇಡಂ," ಎಂದ ಪ್ರೇಮನಾಥ. "ಅದು ಅವಳ ನೆನಪಲ್ಲ. ಊಟಕ್ಕೆ ಕೂತಾಗ ನಮ್ಮ ದೋಸ್ತ್ ಹೇಳಿದ್ದು. ಅವನ ಮಾತನ್ನೇ ಹೇಳ್ತಿದ್ದಾಳೆ. ಎರಡನೇ ಗೋಲು ಅವಳದ್ದಲ್ಲವೇ ಅಲ್ಲ." ಒಮ್ಮೆ ಉಸಿರೆಳೆದುಕೊಂಡ. "ಗ್ರೌಂಡಿನಲ್ಲಿ ತಲೆಗೆ ಪೆಟ್ಟು ಬಿದ್ದಾಗಲೂ ಹೀಗೇ ಕೇಳಿದ್ರು. ಆಗ ಉತ್ತರ ಹೇಳಿಕೊಟ್ಟದ್ದು ನಾನು. ನಮ್ಮ ಭಾಷೆಯಲ್ಲಿ."

ಅರ್ಧ ಇಂಗ್ಲಿಷು, ಅರ್ಧ ಹಿಂದಿಯಲ್ಲಿ ಅವನು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ವಾರಿಜಾಕ್ಷಿಗೆ ಎಲ್ಲ ಅರ್ಥವಾಗಿತ್ತು. ಅವಳು ಬೈಯಲಿಲ್ಲ. ಗಂಡನನ್ನು ನೋಡಿದಳು, ಅಷ್ಟೆ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಡಾಕ್ಟರಮ್ಮ ವಾಪಸು ಬಂದು ಮಂಚದ ಅಂಚಿನಲ್ಲಿ ಕೂತರು. ದನಿ ಬದಲಾಗಿತ್ತು. "ಯಾರೂ ಏನೂ ಹೇಳಿಕೊಡಬೇಡಿ. ನೀನು ಹೇಳಮ್ಮ, ಬೇರೆಯವರು ಹೇಳಿದ್ದು ಬೇಡ. ನಿನಗೇ ನೆನಪಿರುವುದು, ಕೊನೆಯದು ಯಾವುದು?"

ನಿಶ್ಮಿತಾ ಬಹಳ ಹೊತ್ತು ಯೋಚಿಸಿದಳು. "ಬೆಳಿಗ್ಗೆ ಅಮ್ಮ ಜಡೆ ಹಾಕಿದ್ದು," ಎಂದಳು ಕೊನೆಗೆ. "ಟೈಟ್ ಆಯ್ತು ಅಂತ ನಾನು ಜಗಳ ಮಾಡಿದೆ. ಆಮೇಲೆ... ಆಮೇಲೆ ಆಂಟಿ ಮನೆ."

ಅಲ್ಲಿಂದ ಮುಂದೆ ಎಲ್ಲ ಬೇಗಬೇಗನೆ ನಡೆಯಿತು. ಗಾಲಿ ಮಂಚ ಬಂತು, ತಲೆಯ ಸ್ಕ್ಯಾನ್ ಎಂದರು. ನರ್ಸ್ ಅವಳ ಕೂದಲಿನಿಂದ ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆದು ವಾರಿಜಾಕ್ಷಿಯ ಕೈಗೆ ಹಾಕಿದಳು. ಕಾರಿಡಾರಿನುದ್ದಕ್ಕೂ ಗಂಡಹೆಂಡತಿ ಮಂಚದ ಎರಡು ಬದಿಗಳಲ್ಲಿ ನಡೆದರು. ಬಾಗಿಲ ಹತ್ತಿರ ನಿಶ್ಮಿತಾ ಅಪ್ಪನ ಅಂಗಿಯ ತೋಳು ಹಿಡಿದಳು. ಸಿಟ್ಟಾಗಿದ್ದಾಳೆಂದೇ ಅವನು ತಿಳಿದಿದ್ದ.

"ಪಪ್ಪ, ಆ ಕ್ಯಾಚ್ ನಾನು ನಿಜವಾಗಿ ಹಿಡಿದದ್ದಾ?"

ಅವನ ಬಾಯಿ ತೆರೆಯಿತು. ಎಷ್ಟು ಎತ್ತರ, ಹೇಗೆ, ಯಾವ ಕೈ ಮೊದಲು ತಾಗಿತು, ಎಲ್ಲವೂ ಅವನ ಕಣ್ಣಿಗೆ ಕಟ್ಟಿದಂತಿತ್ತು. ಹೇಳಿಕೊಡಬೇಡಿ ಎಂದಿದ್ದ ಡಾಕ್ಟರಮ್ಮ ಪಕ್ಕದಲ್ಲೇ ನಡೆಯುತ್ತಿದ್ದರು.

"ನೀನೇ ಹಿಡಿದದ್ದು ಮಗಾ," ಎಂದಳು ವಾರಿಜಾಕ್ಷಿ. "ನಾನು ನೋಡಿದ್ದೇನೆ."

ಮಂಚ ಒಳಗೆ ಹೋಯಿತು, ಬಾಗಿಲು ಮುಚ್ಚಿಕೊಂಡಿತು. ಗೋಡೆಗೆ ತಾಗಿ ಕುರ್ಚಿಗಳಿದ್ದವು. ಪ್ರೇಮನಾಥ ಒಂದರಲ್ಲಿ ಕೂತ. ವಾರಿಜಾಕ್ಷಿ ನಡುವೆ ಒಂದು ಕುರ್ಚಿ ಬಿಟ್ಟು ಕೂತಳು. ಕ್ಲಿಪ್ಪುಗಳನ್ನು ಮಡಿಲಲ್ಲಿ ಹರಡಿಕೊಂಡು, ಅವುಗಳಿಗೆ ಅಂಟಿದ್ದ ಮೈದಾನದ ಮಣ್ಣನ್ನು ಉಗುರಿನಿಂದ ಒಂದೊಂದಾಗಿ ಕೆರೆದು ತೆಗೆಯತೊಡಗಿದಳು.