ಒಪ್ಪುವವರು ಕೈ ಎತ್ತಿ

ಅರ್ಥಶಾಸ್ತ್ರದ ಮೇಷ್ಟ್ರ ಅಂಗಿಯ ಕಂಕುಳಲ್ಲಿ ಹೊಲಿಗೆ ಬಿಚ್ಚಿದೆ, ಕೈ ಎತ್ತಿದ್ದಕ್ಕೆ ಕಾಣಿಸಿತು, ಮನೆಯಲ್ಲಿ ಯಾರೂ ನೋಡುವುದಿಲ್ಲವೇ ಪಾಪ, ಎಂದುಕೊಂಡಳು ಮನಃಶಾಸ್ತ್ರದ ಮೇಡಂ, ಮರುಗಳಿಗೆ ತನ್ನ ಮೇಲೇ ಸಿಡುಕಿದಳು, ಇಲ್ಲಿ ಒಬ್ಬಳ ಅನ್ನಕ್ಕೆ ಕಲ್ಲು ಬೀಳುತ್ತಿದೆ, ಇವಳಿಗೆ ಹೊಲಿಗೆಯ ಚಿಂತೆ — ಲೈಬ್ರರಿಯನ್ ಅವರನ್ನ ಕೆಲಸದಿಂದ ತೆಗೆಯೋದಕ್ಕೆ ಒಪ್ಪುವವರು ಕೈ ಎತ್ತಿ, ಅಂದಿದ್ದರು ಪ್ರಿನ್ಸಿಪಾಲರು, ಬಿಸ್ಕತ್ತಿನ ತಟ್ಟೆ ಈ ಕಡೆ ಕಳಿಸಿ ಅನ್ನುವ ದನಿಯಲ್ಲೇ, ಮೇಜಿನ ಆ ತುದಿಯಿಂದ ಕೈಗಳು ಏಳುತ್ತಿವೆ, ಗಣಿತದವರದು, ಇತಿಹಾಸದವರದು, ಎತ್ತದವರು ಎತ್ತಿದವರನ್ನು ನೋಡುತ್ತಾರೆ, ನೋಡಿ ಎತ್ತುತ್ತಾರೆ. ಆ ಲೈಬ್ರರಿ ಅಕ್ಕ ಮಾಡಿದ್ದಾದರೂ ಏನು, ಕಾಲೇಜಿನ ಆಡಳಿತ ಮಂಡಳಿ ಅಧ್ಯಕ್ಷರ ಮಗ ಬೆನ್ನು ಬಿದ್ದಿದ್ದ ಹುಡುಗಿಯನ್ನು ಒಳಗೆ ಕೂರಿಸಿ ಬಾಗಿಲು ಹಾಕಿಕೊಂಡಳು, ಅವನು ಬಡಿದ, ತೆಗೆಯಲಿಲ್ಲ, ಅಷ್ಟೇ, ಅದೀಗ ವಿದ್ಯಾರ್ಥಿಯೊಡನೆ ಅನುಚಿತ ವರ್ತನೆ ಆಗಿದೆ, ಸುಳ್ಳೆಂದು ಇಲ್ಲಿ ಕೂತ ಎಲ್ಲರಿಗೂ ಗೊತ್ತು.

ಬೆಳಿಗ್ಗೆಯಷ್ಟೇ ಇದೇ ಪಾಠ ಮಾಡಿದ್ದಾಳಲ್ಲ, ಬೋರ್ಡಿನ ಮೇಲೆ ಉದ್ದದ ಗೆರೆ, ಗಿಡ್ಡ ಗೆರೆ, ಎಲ್ಲರೂ ಬೇಕೆಂದೇ ತಪ್ಪು ಹೇಳಿ ಅಂತ ಕ್ಲಾಸಿಗೆ ಮೊದಲೇ ಹೇಳಿಕೊಟ್ಟು, ಏನೂ ತಿಳಿಯದ ದಪ್ಪ ಕನ್ನಡಕದವಳನ್ನು ಕೊನೆಗೆ ಕೇಳಿದರೆ ಅವಳೂ ಗಿಡ್ಡದ್ದನ್ನೇ ಉದ್ದ ಅಂದಳು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಗಬೇಡಿ ಮಕ್ಕಳೇ, ಇದು ಹೇಡಿತನ ಅಲ್ಲ, ನಮ್ಮೆಲ್ಲರ ಮನಸ್ಸೂ ಹೀಗೇ, ಆದ್ರೆ ಒಬ್ರೇ ಒಬ್ರು ಬೇರೆ ಹೇಳಿದ್ರೂ ಸಾಕು, ಎಷ್ಟೋ ಜನಕ್ಕೆ ಬಾಯಿ ಬರುತ್ತೆ — ಎಷ್ಟು ಚೆನ್ನಾಗಿ ಹೇಳಿದ್ದಳು. ಮೇಡಂ, ಎಲ್ರೂ ನನ್ ಪರ ನಿಲ್ಲೋದು ಬೇಡ, ನೀವೊಬ್ರು ಬಾಯಿ ಬಿಟ್ರೆ ಸಾಕು, ಅಂದಿದ್ದಳು ಅಕ್ಕ ವರಾಂಡದಲ್ಲಿ, ಹೇಳ್ತೀನಕ್ಕ, ಖಂಡಿತ ಹೇಳ್ತೀನಿ, ಹೇಳುವ ಮಾತನ್ನು ಕನ್ನಡಿ ಮುಂದೆ ನಿಂತು ಹೇಳಿಯೂ ನೋಡಿದ್ದಾಳೆ, ಆ ಮಾತೀಗ ಬಾಯಿಗೆ ಬರುತ್ತಿಲ್ಲ, ಯಾಕೆ ಹೀಗಾಗುತ್ತದೆ ಎಂದು ಯಾರಾದರೂ ಕೇಳಿದರೆ ಒಂದು ಗಂಟೆ ಬಿಡದೆ ಹೇಳಬಲ್ಲಳು, ತಡೆಯಲು ಮಾತ್ರ ಬರುವುದಿಲ್ಲ, ಆಮೇಲೆ ಪ್ರಿನ್ಸಿಪಾಲರ ಹತ್ತಿರ ಒಬ್ಬಳೇ ಹೋಗಿ ಮಾತಾಡಿದರಾಯ್ತು, ಎನ್ನುತ್ತದೆ ಮನಸ್ಸು, ಹೀಗೆ ತನಗೆ ತಾನೇ ಸಬೂಬು ಹೇಳಿಕೊಳ್ಳುವುದಕ್ಕೂ ಪುಸ್ತಕದಲ್ಲಿ ಒಂದು ಹೆಸರಿದೆ, ಅದನ್ನೂ ಇವಳೇ ಪಾಠ ಮಾಡಿದ್ದಾಳೆ, ಹೆಸರು ಗೊತ್ತಿದ್ದು ಏನು ಬಂತು.

ಪಕ್ಕದಲ್ಲಿ ಜೀವಶಾಸ್ತ್ರಕ್ಕೆ ಹೊಸದಾಗಿ ಸೇರಿದ ಹುಡುಗಿ, ಕೈಗಳನ್ನು ತೊಡೆಯ ನಡುವೆ ಒತ್ತಿಕೊಂಡಿದ್ದಾಳೆ, ಕೆಲಸ ಇನ್ನೂ ಕಾಯಂ ಆಗಿಲ್ಲ, ಅವಳು ಎತ್ತಿಯೇ ಎತ್ತುತ್ತಾಳೆ, ಅಲ್ಲಿಗೆ ತಾನೊಬ್ಬಳೇ, ಒಬ್ಬಳೇ ಏನು ಮಾಡಲಿ — ಮೇಡಂ, ನೀವು, ಅಂದರು ಪ್ರಿನ್ಸಿಪಾಲರು, ಮೇಜಿನ ಮುಖಗಳೆಲ್ಲ ತಿರುಗಿದವು, ಬೇಡ, ಬೇಡ, ಬೇಡ ಎಂದುಕೊಳ್ಳುತ್ತಿರುವಾಗಲೇ ಬಳೆ ಜಾರಿ ಮೊಣಕೈಯತ್ತ ಇಳಿಯಿತು, ಕೈ ಮೇಲಿದೆ, ತನ್ನದೇ ಕೈ, ಆಗ ಪಕ್ಕದವಳು ಉಸಿರು ಬಿಟ್ಟದ್ದು ಕೇಳಿಸಿತು, ತಿರುಗಿದಳು, ಆ ಹುಡುಗಿ ಬೇರೆ ಯಾರನ್ನೂ ನೋಡುತ್ತಿರಲಿಲ್ಲ, ಇಷ್ಟು ಹೊತ್ತೂ ನೋಡುತ್ತಿದ್ದದ್ದು ಇವಳೊಬ್ಬಳನ್ನೇ, ತೊಡೆಯ ನಡುವಿಂದ ಅವಳ ಸಣ್ಣ ಕೈ ಹೊರಬಂತು, ಮೇಲೆ ಹೋಯಿತು, ಸರಿ, ಇಳಿಸಿ, ಎಂದರು ಪ್ರಿನ್ಸಿಪಾಲರು, ಎಲ್ಲರೂ ಇಳಿಸಿದರು, ಇವಳಿಗೆ ಇಳಿಸಲಾಗಲಿಲ್ಲ, ಆ ಸಣ್ಣ ಕೈಯೂ ಇಳಿಯಲಿಲ್ಲ, ಇವಳದು ಇಳಿಯಲೆಂದು ಕಾಯುತ್ತ ಮೇಲೇ ಇತ್ತು.